ಪುಣೆಯ ಪಾರ್ಕಿಂಗಿನಲ್ಲಿ ಟೇಪು ಹಿಡಿದು

ನನ್ನ ಕೊಟೇಶನ್ ಪುಸ್ತಕದ ಕೊನೆಯ ನಾಲ್ಕು ಹಾಳೆಗಳಲ್ಲಿ ಕೈಗೆ ಹತ್ತದ ಕೆಲಸಗಳ ಲೆಕ್ಕ ಇದೆ. ಎಲೆಕ್ಟ್ರಿಕ್ ಕಾರು ತರಬೇಕೆಂದು ಹೊರಟು, ಚಾರ್ಜರ್ ಎಲ್ಲಿ ಕೂರಿಸಬಹುದು ನೋಡು ಬಾ ಎಂದು ನನ್ನನ್ನು ಕರೆಸಿ, ಚಹಾ ಕುಡಿಸಿ, ಆಮೇಲೆ ಪೆಟ್ರೋಲ್ ಇಲ್ಲವೇ ಸಿಎನ್‌ಜಿ ಗಾಡಿ ತಂದವರ ಪಟ್ಟಿ ಅದು. ಪ್ರತಿ ಹೆಸರಿನ ಮುಂದೆ ಒಂದು ಕಾರಣ ಬರೆದಿಟ್ಟಿದ್ದೇನೆ. ‘ಮೀಟರ್ ದೂರ.’ ‘ಕಮಿಟಿ.’ ‘ಬಾಡಿಗೆ ಮನೆ.’ ‘ಊರು ದೂರ.’ ‘ಮಾವ ಬೇಡ ಅಂದರು.’ ‘ಬ್ಯಾಟರಿ ಭಯ’ ಅಂತ ಬರೆದದ್ದು ಎರಡೇ ಕಡೆ.

ನಾನು ಇಂಡಿ ತಾಲೂಕಿನವ. ಬಿಜಾಪುರ ಇನ್ನೂ ಬಿಜಾಪುರವೇ ಆಗಿದ್ದಾಗ ಅಲ್ಲಿ ಐಟಿಐ ಮುಗಿಸಿ, 2004ರಲ್ಲಿ ಪುಣೆಗೆ ಬಂದೆ. ವಾರ್ಜೆ, ಕರ್ವೇನಗರ, ಕೋಥ್ರೂಡ್, ಸಿಂಹಗಡ ರಸ್ತೆ, ಇಷ್ಟು ನನ್ನ ಸುತ್ತು. ಈ ಕಡೆಯ ಎಷ್ಟೋ ಬಿಲ್ಡಿಂಗುಗಳಲ್ಲಿ ಗೌಂಡಿಯವರು, ಫರ್ಶಿ ಕೂರಿಸಿದವರು ನಮ್ಮ ಜಿಲ್ಲೆಯವರೇ. ಅವರು ಗೋಡೆ ಎಬ್ಬಿಸಿದರು, ನಾನು ಒಳಗೆ ತಂತಿ ಎಳೆದೆ. ಕಾರಿನ ಚಾರ್ಜರ್ ಕೆಲಸ ಶುರುವಾದದ್ದು 2021ರಲ್ಲಿ.

ಮೊದಲ ಕೆಲಸದಲ್ಲೇ ಮುಖಭಂಗವಾಯಿತು. ಗಾಡಿ ಟಾಟಾದ ನೆಕ್ಸಾನ್ ಇವಿ. 2020ರ ಜನವರಿಯಲ್ಲಿ ಬಂದ ಮಾದರಿ, 30.2 ಯೂನಿಟ್ ಹಿಡಿಯುವ ಬ್ಯಾಟರಿ, ಒಂದು ಚಾರ್ಜಿಗೆ ಕಾಗದದ ಮೇಲೆ 312 ಕಿ.ಮೀ. ಅದಕ್ಕೆ ಬೇಕಾದದ್ದು ಗೀಸರಿಗೆ ಹಾಕುವಂಥ 15 ಆಂಪಿಯರ್ ಸಾಕೆಟ್ ಅಷ್ಟೆ. ಇದೇನು ದೊಡ್ಡ ಕೆಲಸ ಎಂದು ಮಧ್ಯಾಹ್ನದೊಳಗೆ ಮುಗಿಸಿ ದುಡ್ಡು ಎಣಿಸಿಕೊಂಡು ಬಂದೆ. ರಾತ್ರಿ ಫೋನು. ಚಾರ್ಜ್ ಶುರುವಾಗುತ್ತದೆ, ನಿಲ್ಲುತ್ತದೆ, ಕೆಂಪು ದೀಪ. ಗಾಡಿಯೇ ಕೆಟ್ಟಿದೆ ಅಂತ ನಾನು, ವೈರಿಂಗ್ ಕೆಟ್ಟಿದೆ ಅಂತ ಶೋರೂಮಿನವರು. ನಡುವೆ ಹದಿನೈದು ಲಕ್ಷ ಸುರಿದ ಮನುಷ್ಯ. ಮೂರನೇ ದಿನ ನ್ಯೂಟ್ರಲ್ಲಿಗೂ ಅರ್ಥಿಗೂ ಮೀಟರ್ ಹಿಡಿದೆ. ಎರಡು ಮೂರು ವೋಲ್ಟ್ ಇರಬೇಕಾದಲ್ಲಿ 14 ತೋರಿಸಿತು. ಬಿಲ್ಡಿಂಗಿನ ಅರ್ಥಿಂಗ್ ಗುಂಡಿ ಒಣಗಿ ಯಾವ ಕಾಲವಾಗಿತ್ತೋ. ಫ್ರಿಜ್ಜು, ಮಿಕ್ಸರು, ಎಸಿ ಎಲ್ಲವೂ ಹನ್ನೆರಡು ವರ್ಷ ಅದನ್ನು ಸಹಿಸಿಕೊಂಡಿದ್ದವು, ಕಾರು ಸಹಿಸಲಿಲ್ಲ. ಹೊಸ ಗುಂಡಿ ತೋಡಿ, ತಾಮ್ರ ಲೇಪದ ರಾಡ್ ಇಳಿಸಿ, ಕೆಮಿಕಲ್ ತುಂಬಿದ ಮೇಲೆ ಹಸಿರು ದೀಪ ಬಂತು. ಖರ್ಚು ನನ್ನ ಕಿಸೆಯಿಂದ.

ಅಲ್ಲಿಂದ ನನ್ನ ಪದ್ಧತಿ ಬದಲಾಯಿತು. ಗಾಡಿ ಬುಕ್ ಮಾಡುವ ಮೊದಲೇ ಕರೆಯಿರಿ ಎನ್ನುತ್ತೇನೆ. ಮೊದಲು ಅರ್ಥಿಂಗ್ ನೋಡುತ್ತೇನೆ, ಆಮೇಲೆ ಮನೆಗೆ ಮಂಜೂರಾದ ಲೋಡು (ಒಮ್ಮೆಗೆ ಎಷ್ಟು ಕರೆಂಟು ಎಳೆಯಬಹುದು ಎಂಬ ಮಿತಿ), ಆಮೇಲೆ ಟೇಪು ಹಿಡಿದು ಮೀಟರ್ ರೂಮಿನಿಂದ ಪಾರ್ಕಿಂಗ್ ಜಾಗದವರೆಗೆ ಅಳತೆ. ವ್ಯವಹಾರ ಮುರಿದು ಬೀಳುವುದು ಬಹುತೇಕ ಈ ಟೇಪಿನಲ್ಲೇ.

ಒಂದು ಉದಾಹರಣೆ ಹೇಳುತ್ತೇನೆ. ಧಾರವಾಡದ ಕಡೆಯವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ವಾರ್ಜೆಯಲ್ಲಿ ಫ್ಲ್ಯಾಟು. 2022ರಲ್ಲಿ ಕರೆದರು. ಮೀಟರ್ ರೂಮು ಎ ವಿಂಗಿನಲ್ಲಿ, ಅವರ ಪಾರ್ಕಿಂಗ್ ಸಿ ವಿಂಗಿನ ಬೇಸ್‌ಮೆಂಟಿನ ಮೂಲೆಯಲ್ಲಿ. ಟೇಪು 70 ಮೀಟರ್ ಹೇಳಿತು. ಅವರಿಗೆ ಬೇಗ ಚಾರ್ಜಾಗುವ 7.2 ಕಿಲೋವ್ಯಾಟಿನ ಪೆಟ್ಟಿಗೆಯೇ ಬೇಕಿತ್ತು, ಅದು ಸುಮಾರು 32 ಆಂಪಿಯರ್ ಎಳೆಯುತ್ತದೆ. 6 ಎಸ್‌ಕ್ಯೂ ಎಂಎಂ (ಚದರ ಮಿಲಿಮೀಟರ್) ದಪ್ಪದ ತಾಮ್ರದ ತಂತಿ ಹಾಕಿದರೆ ಹೋಗಿ ಬರುವ 140 ಮೀಟರಿನಲ್ಲಿ ಸುಮಾರು 14 ವೋಲ್ಟ್ ದಾರಿಯಲ್ಲೇ ಸೋರುತ್ತದೆ. ಅಂದರೆ ರಾತ್ರಿಯಿಡೀ 450 ವ್ಯಾಟ್ ಬರೀ ಕೇಬಲ್ ಕಾಯಿಸುವುದಕ್ಕೆ. 10 ಎಸ್‌ಕ್ಯೂ ಎಂಎಂ ಹಾಕಬೇಕು, ಮೇಲೆ ಕೇಬಲ್ ಟ್ರೇ, ಕರೆಂಟು ಸೋರಿದರೆ ತಾನೇ ಬಂದ್ ಆಗುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್, ಹೊಸ ಅರ್ಥಿಂಗ್, ಲೋಡು ಏರಿಸಲು ಅರ್ಜಿ. ನಾನು ಮೊತ್ತ ಹೇಳಿದೆ.

“ಅಲ್ಲೋ ತಮ್ಮಾ, ಕಾರಿನ ಕಂಪನಿಯವರು ಚಾರ್ಜರ್ ಫ್ರೀ ಅಂದಾರಲ್ಲ?”

“ಪೆಟ್ಟಿಗಿ ಫ್ರೀ ಸಾಹೇಬ್ರ. ಅಲ್ಲೀತನ ಬರೂ ದಾರಿ ನಿಮ್ದು.”

ಅವರು ಅದಕ್ಕೂ ತಯಾರಾದರು. ಆದರೆ ಆ ದಾರಿ ಅವರ ಗೋಡೆಯ ಮೇಲಲ್ಲ, ಸೊಸೈಟಿಯ, ಅಂದರೆ ಬಿಲ್ಡಿಂಗಿನವರೆಲ್ಲರ ಸಂಘದ, ಛತ್ತಿನ ಕೆಳಗೆ ಹೋಗುತ್ತದೆ. ಅವರ ಕಮಿಟಿಯ ಎನ್‌ಒಸಿ, ಅಂದರೆ ಒಪ್ಪಿಗೆ ಪತ್ರ ಬೇಕು. ಚೇರ್‌ಮನ್ನರ ಮನೆಗೆ ನಾನೂ ಜೊತೆಗೆ ಹೋಗಿದ್ದೆ. ಚೇರ್‌ಮನ್ ಸಜ್ಜನರು, ಪೇಪರು ಓದುವವರು, ಪರಿಸರದ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಕೊನೆಗೆ “ಬಘೂಯಾ” ಅಂದರು. ಮರಾಠಿಯಲ್ಲಿ ‘ನೋಡೋಣ’ ಎಂದು. ಪುಣೆಯಲ್ಲಿ ಇಪ್ಪತ್ತು ವರ್ಷ ಇದ್ದವನಿಗೆ ಆ ಶಬ್ದದ ಅರ್ಥ ಬೇರೆ ಯಾರೂ ಹೇಳಬೇಕಿಲ್ಲ. ಮುಂದಿನ ವಾರ್ಷಿಕ ಸಭೆಗೆ ಎಂಟು ತಿಂಗಳಿತ್ತು. ಬ್ಯಾಂಕಿನವರು ದಸರೆಗೆ ಸಿಎನ್‌ಜಿ ಗಾಡಿ ತಂದರು.

ಇದನ್ನು ಕಮಿಟಿಯವರ ಹಟ ಎಂದು ಬಿಟ್ಟುಬಿಡಬಹುದು, ನಾನೂ ಮೊದಲು ಹಾಗೇ ಬೈಯುತ್ತಿದ್ದೆ. ಆದರೆ ಅವರ ಪ್ರಶ್ನೆಗಳಲ್ಲಿ ಕೆಲವಕ್ಕೆ ತೂಕವಿದೆ. ಇವತ್ತು ಒಬ್ಬರು ತಂತಿ ಎಳೆಯುತ್ತಾರೆ, ನಾಳೆ ಇಪ್ಪತ್ತು ಮಂದಿ ಇಪ್ಪತ್ತು ತಂತಿ ಎಳೆದರೆ ಛತ್ತು ಏನಾಗಬೇಕು? ಎಲ್ಲರೂ ರಾತ್ರಿ ಹತ್ತಕ್ಕೇ ಹಚ್ಚಿದರೆ ಟ್ರಾನ್ಸ್‌ಫಾರ್ಮರ್ ತಾಳುತ್ತದೆಯೇ? ಮೊದಲು ಹಾಕಿಸಿದವನಿಗೆ ಉಳಿದ ಲೋಡೆಲ್ಲ ಸಿಕ್ಕು, ಕೊನೆಯವನಿಗೆ ಇಲ್ಲ ಎನ್ನುವುದು ನ್ಯಾಯವೇ? 2024ರ ಜುಲೈ 25ರ ನಂತರ ಇನ್ನೊಂದು ಪ್ರಶ್ನೆ ಸೇರಿತು. ಅವತ್ತು ಖಡಕ್‌ವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟು ಸಿಂಹಗಡ ರಸ್ತೆಯ ಏಕತಾ ನಗರಿ ಮುಳುಗಿತು. ಡೆಕ್ಕನ್ ಬಳಿಯ ಪುಲಾಚಿ ವಾಡಿಯಲ್ಲಿ ಕರೆಂಟು ತಗುಲಿ ಮೂವರು ಸತ್ತರು. ಕಾರಿನ ಬ್ಯಾಟರಿ ಐಪಿ67, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುವಂತೆ ಪರೀಕ್ಷೆ ಮಾಡಿರುತ್ತಾರೆ ಎಂದು ನಾನು ಹೇಳಿದೆ. ಒಬ್ಬ ಅಜ್ಜಿ, “ಬ್ಯಾಟರಿ ಇರಲಿ, ನೀನು ಗೋಡೆಗೆ ಹಾಕುವ ಡಬ್ಬಿಯ ಗತಿ ಏನು?” ಎಂದರು. ಅವರೆಂದದ್ದು ಸರಿ. ನದಿಯ ಕಡೆಯ ಬೇಸ್‌ಮೆಂಟುಗಳಲ್ಲಿ ಈಗ ನಾನು ಪೆಟ್ಟಿಗೆಯನ್ನು ಎದೆಯೆತ್ತರಕ್ಕಿಂತ ಮೇಲೆ ಹಾಕುತ್ತೇನೆ, ಮೇನ್ ಸ್ವಿಚ್ ಮೇಲಿನ ಮಹಡಿಯಲ್ಲಿ.

ಮಷಿನ್ ಪಾರ್ಕಿಂಗ್, ಅಂದರೆ ಒಂದರ ಮೇಲೊಂದು ಗಾಡಿ ಎತ್ತಿಡುವ ಕಬ್ಬಿಣದ ಚೌಕಟ್ಟು, ಅಲ್ಲಿ ಕೈಮುಗಿದು ಹಿಂದೆ ಬರುತ್ತೇನೆ. ಚಲಿಸುವ ಹಲಗೆಗೆ ತಂತಿ ಕಟ್ಟುವ ಧೈರ್ಯ ನನಗಿಲ್ಲ. ಸದಾಶಿವ ಪೇಠೆಯ ಹಳೇ ವಾಡೆಗಳವರ ಗಾಡಿ ರಸ್ತೆಯಲ್ಲೇ ನಿಲ್ಲುತ್ತದೆ, ಅಲ್ಲಿ ಟೇಪು ಬಿಚ್ಚುವ ಪ್ರಶ್ನೆಯೇ ಇಲ್ಲ.

ಸ್ಕೂಟರಿನ ಮಾತೇ ಬೇರೆ. ಬಜಾಜಿನ ಎಲೆಕ್ಟ್ರಿಕ್ ಚೇತಕ್ 2020ರಲ್ಲಿ ಮೊದಲು ಪುಣೆ ಮತ್ತು ಬೆಂಗಳೂರಿನಲ್ಲೇ ಮಾರಾಟಕ್ಕೆ ಬಂತು. ಅದಕ್ಕೆ 5 ಆಂಪಿಯರಿನ ಸಾಕೆಟ್ ಸಾಕು. ಮೊದಲ ಮಹಡಿಯ ಕಿಟಕಿಯಿಂದ ವೈರು ಇಳಿಬಿಟ್ಟು ಚಾರ್ಜ್ ಮಾಡಿದವರನ್ನು ನೋಡಿದ್ದೇನೆ. ತಪ್ಪು, ಮಾಡಬಾರದು. ಆದರೆ ಯಾರನ್ನೂ ಕೇಳದೆ ಮಾಡಿದರಲ್ಲ! ಕಾರು ಹಾಗಲ್ಲ. ಅದನ್ನು ಕೊಳ್ಳಲು ಹೆಂಡತಿ ಒಪ್ಪಿದರೆ ಸಾಲದು, ನೆರೆಮನೆಯವರೂ ಒಪ್ಪಬೇಕು.

ಇನ್ನು ದುಡ್ಡಿನ ಮಾತು. ಮಹಾರಾಷ್ಟ್ರದಲ್ಲಿ ಇವುಗಳಿಗೆ ರೋಡ್ ಟ್ಯಾಕ್ಸ್ ಮಾಫಿ, ಜಿಎಸ್‌ಟಿ ಬರೀ ಶೇ. 5. ಆದರೂ ಅದೇ ಅಳತೆಯ ಪೆಟ್ರೋಲ್ ಗಾಡಿಗಿಂತ ಮೇಲೆ ಲಕ್ಷಗಟ್ಟಲೆ ಬೀಳುತ್ತದೆ. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಪೆಟ್ರೋಲ್ ಗಾಡಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದ ಮೇಲೆ ಆ ಅಂತರ ಇನ್ನೂ ಎದ್ದು ಕಾಣತೊಡಗಿತು. ಆಮೇಲೆ ‘ಕಿಲೋಮೀಟರಿಗೆ ಒಂದು ರೂಪಾಯಿ’ ಎಂಬ ಮಾತು. ಅದರಲ್ಲೊಂದು ಗಂಟಿದೆ, ಶೋರೂಮಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವವರಿಗೆ, ಚಾರ್ಜಿಂಗಿನಲ್ಲಿ ಸೋರುವುದೂ ಸೇರಿ ಸುಮಾರು 160 ಯೂನಿಟ್ ಬೇಕು. ಮನೆಯ ಬಿಲ್ಲು ಮೊದಲೇ 180 ಯೂನಿಟ್ ಇದ್ದರೆ ಒಟ್ಟು 340. ಇಲ್ಲಿಯ ಮನೆಬಳಕೆಯ ದರ 100, 300, 500 ಯೂನಿಟ್ಟಿನ ಮೆಟ್ಟಿಲುಗಳಲ್ಲಿ ಏರುತ್ತದೆ. ಕಾರಿನ ಯೂನಿಟ್ಟುಗಳು ಯಾವಾಗಲೂ ಮೇಲಿನ ಮೆಟ್ಟಿಲಲ್ಲೇ ಕೂರುತ್ತವೆ. ಹೀಗೆ ಹಿಡಿದರೂ ಪೆಟ್ರೋಲಿಗಿಂತ ಅಗ್ಗವೇ, ಅನುಮಾನವಿಲ್ಲ. ಆದರೆ ಸಿಎನ್‌ಜಿ ಎದುರಿಗೆ ಇಟ್ಟರೆ ಉಳಿತಾಯ ಸಣ್ಣದಾಗುತ್ತದೆ. ಹೆಚ್ಚು ಕೊಟ್ಟ ಲಕ್ಷಗಳು ವಾಪಸು ಬರಲು ವರ್ಷಗಳು ಬೇಕು. ದಿನಕ್ಕೆ ನೂರು ಕಿ.ಮೀ. ಓಡಿಸುವವನಿಗೆ ಲೆಕ್ಕ ಬೇಗ ಕೂಡುತ್ತದೆ, ಕರ್ವೇನಗರದಿಂದ ಡೆಕ್ಕನ್ನಿಗೆ ಹೋಗಿಬರುವವನಿಗೆ ಕೂಡುವುದಿಲ್ಲ.

ಊರಿನ ದಾರಿಗೆ ಬರುತ್ತೇನೆ. ನನ್ನ ಗಿರಾಕಿಯೊಬ್ಬರು, ವಿಜಯಪುರದವರೇ, ಗಾಡಿ ತಂದ ಹೊಸದರಲ್ಲಿ ಊರಿಗೆ ಹೊರಟರು. ದಾರಿಯಲ್ಲಿ ಏನಾದರೂ ಆದರೆ ಇರಲಿ ಎಂದು ನನ್ನನ್ನೂ ಕರೆದರು. ನನಗೂ ಊರಿಗೆ ಹೋಗುವುದಿತ್ತು. ಮೇ ತಿಂಗಳು. ಸೊಲ್ಲಾಪುರದ ಮೇಲೆ ಹೋದರೆ ಸುಮಾರು 350 ಕಿ.ಮೀ. ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಒಂದು ಕ್ಷಣ ಬಂದ್ ಮಾಡುವಂತಿಲ್ಲ. ಇಂದಾಪುರ ದಾಟುವಷ್ಟರಲ್ಲಿ ಕಾಗದದ ಕಿಲೋಮೀಟರುಗಳು ಬಿಸಿಲಿಗೆ ಆವಿಯಾಗುವುದು ಕಣ್ಣಿಗೇ ಕಾಣುತ್ತಿತ್ತು. ಟೆಂಭೂರ್ಣಿ ಬಳಿ ಒಂದು ಹೋಟೆಲಿನ ಅಂಗಳದಲ್ಲಿ ನಿಲ್ಲಿಸಿದೆವು. ಚಾರ್ಜ್ ಮಾಡುವ ಎರಡು ಗನ್ನು, ಒಂದು ಬಂದ್, ಇನ್ನೊಂದರಲ್ಲಿ ಬೇರೆ ಗಾಡಿ. ಅವರದ್ದಿನ್ನೂ ನಲವತ್ತು ನಿಮಿಷ. ನಮ್ಮ ಸರದಿ ಬಂದಾಗ ಆ್ಯಪ್ ಒಟಿಪಿ ಕೇಳಿತು, ನೆಟ್‌ವರ್ಕ್ ಇಲ್ಲ. ನಮ್ಮ ಗಿರಾಕಿಯ ಅತ್ತೆ ಹಿಂದಿನ ಸೀಟಿನಿಂದ, “ಬಸ್ಸಿನ್ಯಾಗ ಬಂದಿದ್ರ ಇಷ್ಟೊತ್ತಿಗೆ ಊಟ ಮಾಡಿ ಮಲಗಿರ್ತಿದ್ವಿ ನೋಡಪಾ” ಅಂದರು. ತಲುಪಿದೆವು, ಸುಖವಾಗಿಯೇ ತಲುಪಿದೆವು. ಗಾಡಿಯಲ್ಲಿ ಸದ್ದಿಲ್ಲ, ಎಳೆತ ಜೋರು. ಓಡಿಸಲು ಅಷ್ಟು ಹಿತವಾದ ಗಾಡಿ ನಾನು ಕಂಡಿಲ್ಲ. ಆದರೆ ಆ ಮನೆಯಲ್ಲಿ ಇಂದಿಗೂ ಹೇಳುವುದು ಟೆಂಭೂರ್ಣಿಯ ಕಥೆ.

ಇದಕ್ಕೆ ಬುದ್ಧಿವಂತರ ಉತ್ತರ ನನಗೆ ಗೊತ್ತು: ವರ್ಷದಲ್ಲಿ 361 ದಿನ ನೀವು ಓಡಿಸುವುದೇ ಮೂವತ್ತು ಕಿ.ಮೀ., ಉಳಿದ ನಾಲ್ಕು ದಿನಕ್ಕೆ ಯಾಕೆ ಚಿಂತೆ? ಯಾಕೆಂದರೆ ಕಾರು ತರುವುದೇ ಆ ನಾಲ್ಕು ದಿನಕ್ಕೆ. ದಿನದ ಮೂವತ್ತು ಕಿ.ಮೀ.ಗೆ ಸ್ಕೂಟರು ಇದೆ, ಪಿಎಂಪಿ ಬಸ್ಸಿದೆ, ಈಗ ಮೆಟ್ರೊ ಇದೆ. ಕಾರು ಬೇಕಾಗುವುದು ಜಾತ್ರೆಗೆ, ಮದುವೆಗೆ, ರಾತ್ರಿ ಹನ್ನೊಂದಕ್ಕೆ ಊರಿಂದ ಫೋನು ಬಂದಾಗ. ನನ್ನ ಪುಸ್ತಕ ತಿರುವಿ ನೋಡಿದಾಗ ಇನ್ನೊಂದು ಕಂಡಿತು: ಮೊದಲ ಎರಡು ವರ್ಷ ನಾನು ಚಾರ್ಜರ್ ಹಾಕಿದ ಮನೆಗಳಲ್ಲೆಲ್ಲ ಪಕ್ಕದಲ್ಲಿ ಇನ್ನೊಂದು ಕಾರು ನಿಂತಿತ್ತು. ಅವರು ಊರಿಗೆ ಅದರಲ್ಲಿ ಹೋಗುತ್ತಿದ್ದರು. ಒಂದೇ ಕಾರಿನ ಮನೆಗೆ ಆ ಅನುಕೂಲ ಇಲ್ಲ, ಮತ್ತು ನಮ್ಮಲ್ಲಿ ಹೆಚ್ಚಿನವು ಒಂದೇ ಕಾರಿನ ಮನೆಗಳು. ದೇಶದಲ್ಲಿ 2024–25ರಲ್ಲಿ ಮಾರಿದ ನೂರು ಕಾರುಗಳಲ್ಲಿ ಎಲೆಕ್ಟ್ರಿಕ್ ಸುಮಾರು ಎರಡೂವರೆ ಮಾತ್ರ ಎಂದು ಪೇಪರಿನಲ್ಲಿ ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ನನ್ನದೇ ಗಾಡಿ ಯಾವುದು ಎಂದು ಗಿರಾಕಿಗಳು ಕೇಳುತ್ತಾರೆ. ಸಿಎನ್‌ಜಿ ವ್ಯಾನು. ಏಣಿ, ಡ್ರಿಲ್ಲು, ಕೇಬಲ್ ಸುತ್ತು ಎಲ್ಲ ಹಿಡಿಯುತ್ತದೆ, ಯುಗಾದಿಗೆ ಏಳು ಜನರನ್ನು ಇಂಡಿಗೆ ಒಯ್ಯುತ್ತದೆ. ನಾನಿರುವುದು ಬಾಡಿಗೆ ಮನೆ, ಗಾಡಿ ನಿಲ್ಲುವುದು ಗಲ್ಲಿಯಲ್ಲಿ. ನನ್ನ ಹೆಸರನ್ನೂ ಕೊನೆಯ ಹಾಳೆಯಲ್ಲಿ ಬರೆಯಬೇಕಾದೀತು.

ಕಳೆದ ಎರಡು ವರ್ಷದಿಂದ ನಾನು ಒಬ್ಬೊಬ್ಬರಿಗೆ ತಂತಿ ಎಳೆಯುವುದನ್ನು ಆದಷ್ಟು ಬಿಟ್ಟಿದ್ದೇನೆ. ಕಮಿಟಿಗೇ ಯೋಜನೆ ಕೊಡುತ್ತೇನೆ. ಇಲ್ಲಿಯ ಸರ್ಕಾರಿ ವಿದ್ಯುತ್ ಕಂಪನಿ ಮಹಾವಿತರಣದಿಂದ ಚಾರ್ಜಿಂಗಿಗೆಂದೇ ಬೇರೆ ಕನೆಕ್ಷನ್. ಅದಕ್ಕೆ ದರದ ವರ್ಗವೂ ಬೇರೆ, ಮನೆಯ ಬಿಲ್ಲಿನ ಮೆಟ್ಟಿಲು ಏರುವ ತಾಪತ್ರಯವಿಲ್ಲ. ಬೇಸ್‌ಮೆಂಟಿನ ನಡುವೆ ಒಂದು ಪ್ಯಾನೆಲ್, ಅಲ್ಲಿಂದ ಪ್ರತಿ ಕಾರಿಗೆ ಸಬ್‌ಮೀಟರ್. ಮೊದಲು ಸೇರುವ ಐದಾರು ಮಂದಿ ಪ್ಯಾನೆಲ್ಲಿನ ಖರ್ಚು ಹಂಚಿಕೊಳ್ಳುತ್ತಾರೆ, ಆಮೇಲೆ ಸೇರುವವರು ಪ್ರವೇಶದ ಹಣ ಕಟ್ಟುತ್ತಾರೆ, ಅದು ಸೊಸೈಟಿಗೆ. ಎಲ್ಲರಿಗೂ 7.2 ಬೇಡ, 3.3 ಕಿಲೋವ್ಯಾಟ್ ಸಾಕು ಎಂದು ಒಪ್ಪಿಸುವುದೇ ಕಷ್ಟ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಹಚ್ಚಿಟ್ಟರೆ ಅದರಲ್ಲೇ ಇಪ್ಪತ್ತಾರು ಯೂನಿಟ್, ನೂರೈವತ್ತು ಕಿ.ಮೀ. ಮೇಲೆ. ಮರುದಿನ ಡೆಕ್ಕನ್ನಿಗೆ ಹೋಗುವವನಿಗೆ ಇನ್ನೆಷ್ಟು ಬೇಕು? ಚಿಕ್ಕದು ಹಾಕಿದರೆ ಅದೇ ಲೋಡಿನಲ್ಲಿ ಎರಡರಷ್ಟು ಗಾಡಿ ಕೂರುತ್ತವೆ, ಕೊನೆಯವನ ಪಾಲೂ ಉಳಿಯುತ್ತದೆ. ನಾಲ್ಕು ಸೊಸೈಟಿಗಳಲ್ಲಿ ಹೀಗೆ ಮಾಡಿದ್ದೇನೆ. ಪ್ಯಾನೆಲ್ ಬಿದ್ದ ಆರು ತಿಂಗಳಲ್ಲಿ, ಅಲ್ಲಿಯವರೆಗೆ ಸುಮ್ಮನಿದ್ದವರು ತಾವಾಗಿ ಬಂದು ಗಾಡಿಗಳ ಬಗ್ಗೆ ಕೇಳುತ್ತಾರೆ.

ಹೋದ ವಾರ ವಾರ್ಜೆಯ ಬ್ಯಾಂಕಿನವರ ಫೋನು ಬಂತು. ಅವರ ಸೊಸೈಟಿಯ ಸಭೆಯಲ್ಲಿ ಕೊನೆಗೂ ಠರಾವು ಪಾಸಾಗಿದೆಯಂತೆ. ಮಗನಿಗೆ ಎಲೆಕ್ಟ್ರಿಕ್ಕೇ ಬೇಕಂತೆ. “ನಿನ್ನ ಹಳೇ ಕೊಟೇಶನ್ ಇನ್ನೂ ಇಟ್ಟೇನಿ ತಮ್ಮಾ. ಅದೇ ರೇಟಿಗೆ ಮಾಡ್ತೀಯಲ್ಲ?”

2022ರ ತಾಮ್ರಕ್ಕೂ ಈಗಿನ ತಾಮ್ರಕ್ಕೂ ಎಷ್ಟು ಫರಕು ಆಗಿದೆ ಎಂದು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಬಘೂಯಾ,” ಎಂದರು.