ಆ ಆರು ಸಾಲನ್ನು ನಾನು ತಿದ್ದಬಾರದಿತ್ತು

2015ರ ಚಳಿಗಾಲ. ನ್ಯೂಜೆರ್ಸಿಯ ನಮ್ಮ ಅಡುಗೆಮನೆಯ ಟೇಬಲ್ ಮೇಲೆ ಒಂದು ಹಾಳೆ, ಅದರಲ್ಲಿ ಪೆನ್ಸಿಲಿನಲ್ಲಿ ಬರೆದ ಆರು ಸಾಲು. ಬರೆದ ಹುಡುಗನಿಗೆ 16 ವರ್ಷ. ಮನೆಯವರು ಹುಬ್ಬಳ್ಳಿ ಕಡೆಯವರು. ನಾನು ಧಾರವಾಡದವಳು, ಬಾಸೆಲ್ ಮಿಷನ್ ಕಾಲದ ಚರ್ಚಿನಲ್ಲಿ ಬೆಳೆದವಳು. ಇಲ್ಲಿ ಪ್ರೆಸ್ಬಿಟೀರಿಯನ್ ಚರ್ಚಿನಲ್ಲಿ ಎಲ್ಡರ್ ಆಗಿದ್ದೆ, ಅಂದರೆ ಚರ್ಚಿನ ಆಡಳಿತ ನೋಡಲು ಸದಸ್ಯರು ಆರಿಸಿದವಳು; ಯೂಥ್ ಗ್ರೂಪನ್ನೂ ನಾನೇ ನೋಡಿಕೊಳ್ಳುತ್ತಿದ್ದೆ.

ಆಗ ನಡೆಯುತ್ತಿದ್ದದ್ದು ಸಲಿಂಗ ಮದುವೆಯ ಚರ್ಚೆ. 2014ರ ಜೂನಿನಲ್ಲಿ ಡೆಟ್ರಾಯಿಟ್‌ನಲ್ಲಿ ಸೇರಿದ್ದ ನಮ್ಮ ಪಂಗಡದ ಇಡೀ ದೇಶದ ಮಹಾಸಭೆ, ಚರ್ಚಿನ ನಿಯಮದಲ್ಲಿ ಮದುವೆ ಎಂದರೆ 'ಒಬ್ಬ ಹೆಂಗಸು ಮತ್ತು ಒಬ್ಬ ಗಂಡಸಿನ' ನಡುವಿನದು ಎಂದಿದ್ದನ್ನು 'ಇಬ್ಬರು ವ್ಯಕ್ತಿಗಳ' ನಡುವಿನದು ಎಂದು ಬದಲಿಸಲು 429-175 ಮತಗಳಿಂದ ಒಪ್ಪಿತ್ತು. 'ಸಾಂಪ್ರದಾಯಿಕವಾಗಿ ಗಂಡು ಮತ್ತು ಹೆಣ್ಣು' ಎಂಬ ಮಾತನ್ನೂ ಜೊತೆಗೆ ಉಳಿಸಿಕೊಂಡಿತ್ತು. ಅಷ್ಟಕ್ಕೇ ಮುಗಿಯಲಿಲ್ಲ. ದೇಶದಲ್ಲಿ ಆಗ 171 ಪ್ರೆಸ್ಬಿಟರಿಗಳಿದ್ದವು, ಅಂದರೆ ಒಂದೊಂದು ಪ್ರದೇಶದ ಚರ್ಚುಗಳ ಕೂಟ. ಅವುಗಳಲ್ಲಿ 86 ಹೌದು ಅನ್ನಬೇಕಿತ್ತು. ಅಲ್ಲಿ ಮತ ಹಾಕುವವರು ಪಾಸ್ಟರ್‌ಗಳು ಮತ್ತು ಎಲ್ಡರ್‌ಗಳು ಮಾತ್ರ. ಹುಡುಗರು ಬರೀ ಮಾತಾಡಬೇಕಂದರೂ ಸಭೆ ಅನುಮತಿ ಕೊಡಬೇಕು.

ಮಹಾಸಭೆಯಲ್ಲಿ ಪರವಾಗಿಲ್ಲ. 17ರಿಂದ 23 ವರ್ಷದವರನ್ನು ಸಲಹಾ ಪ್ರತಿನಿಧಿಗಳಾಗಿ ಕಳಿಸುತ್ತಾರೆ. ಸಮಿತಿಗಳಲ್ಲಿ ಅವರಿಗೆ ಮಾತೂ ಇದೆ, ಮತವೂ ಇದೆ. ದೊಡ್ಡ ಸಭೆಯಲ್ಲಿ ಅವರ ಅಭಿಪ್ರಾಯ ಮೊದಲು ಕೇಳುತ್ತಾರೆ, ಆದರೆ ಎಣಿಕೆಗೆ ಸೇರಿಸುವುದಿಲ್ಲ. ಕೆಳಗಡೆ ನಮ್ಮ ಪ್ರೆಸ್ಬಿಟರಿ ಮಟ್ಟದಲ್ಲಿ ಅಷ್ಟೂ ಇರಲಿಲ್ಲ. ಹಾಗಾಗಿ ನಮ್ಮ ಗುಂಪಿನ ಇಬ್ಬರಿಗೆ ತಲಾ ಎರಡು ನಿಮಿಷ ಮಾತಾಡಲು ಬಿಡಿ ಎಂದು ನಾನು ಮೊದಲೇ ಪತ್ರ ಬರೆದು ಕೇಳಿಕೊಂಡೆ. ಸಭೆಯ ದಿನ ಕೇಳಿದರೆ 'ಸಮಯ ಇಲ್ಲಮ್ಮ' ಅಂತಾರೆ, ಅದು ನನಗೆ ಗೊತ್ತಿತ್ತು.

ಈಗ ಆ ಹಾಳೆಯ ವಿಷಯ. ಅವನು ಬರೆದದ್ದು ಇಷ್ಟೇ: ಭಾನುವಾರದ ಶಾಲೆಯಲ್ಲಿ ನನಗೆ ಕರ್ತನ ಪ್ರಾರ್ಥನೆ ಕಲಿಸಿದವರು ಒಬ್ಬ ಗಂಡಸು, ಅವರು ಇನ್ನೊಬ್ಬ ಗಂಡಸಿನ ಜೊತೆ ಸಂಸಾರ ಮಾಡಿಕೊಂಡಿದ್ದಾರೆ. ನನಗೆ ಜ್ವರ ಬಂದಾಗ ಇಬ್ಬರೂ ಸೂಪ್ ಮಾಡಿ ತಂದಿದ್ದರು. ನಮ್ಮ ಚರ್ಚಿನ ನಿಯಮದ ಪುಸ್ತಕದಲ್ಲಿ ಅವರ ಮನೆಗೆ ಜಾಗ ಇಲ್ಲ ಅಂದರೆ ಅವರು ಕಲಿಸಿದ ಪ್ರಾರ್ಥನೆಯನ್ನು ನಾನು ಎಲ್ಲಿ ಇಟ್ಟುಕೊಳ್ಳಲಿ?

ನಾನು ಏನು ಮಾಡಿದೆ ಗೊತ್ತಾ? ಇದು ಸಾಲದು ಅನ್ನಿಸಿತು. ಸಲಿಂಗಪ್ರೇಮಿಗಳಿಗೆ ದೀಕ್ಷೆ ಕೊಡಬೇಕೋ ಬೇಡವೋ ಎಂದು 1978ರಿಂದ ನಡೆದುಬಂದ ಚರ್ಚೆ, ಗಂಡು-ಹೆಣ್ಣಿನ ಮದುವೆಯ ಆಚೆ ಸಂಬಂಧ ಇರುವವರಿಗೆ ದೀಕ್ಷೆ ಇಲ್ಲ ಎಂದು 1997ರಲ್ಲಿ ಬಂದ ನಿಯಮ, 2011ರಲ್ಲಿ ಅದನ್ನು ತೆಗೆದದ್ದು, ಎಲ್ಲ ತುರುಕಿದೆ. ಎರಡು ಬೈಬಲ್ ವಚನವನ್ನೂ ಸೇರಿಸಿದೆ. ಫೋನಿನಲ್ಲಿ ಟೈಮರ್ ಇಟ್ಟು ಓದಿಸಿದರೆ ಸರಿಯಾಗಿ ಎರಡು ನಿಮಿಷ. ಅವನು ಓದಿ ಮುಗಿಸಿ, ತಟ್ಟೆಯಲ್ಲಿದ್ದ ಮಂಡಕ್ಕಿಯನ್ನು ಸುಮ್ನೆ ಬೆರಳಿನಲ್ಲಿ ಆಡಿಸುತ್ತಾ, 'ಆಂಟಿ, ಇದು ನಿಮ್ಮ ಮಾತು' ಅಂದ. ಕೋಪದಿಂದ ಅಲ್ಲ, ಮೆತ್ತಗೆ ಅಂದ. ನನಗೆ ಎದೆಗೆ ನಾಟಿತು. ನನ್ನ ಹಾಳೆ ಮಡಚಿಟ್ಟು ಅವನ ಹಾಳೆಯನ್ನೇ ವಾಪಸ್ ಕೊಟ್ಟೆ. ಆಮೇಲೆ ಒಂದೇ ಕೆಲಸ ಮಾಡಿಸಿದೆ. ಆ ಭಾನುವಾರದ ಶಾಲೆಯ ಮೇಷ್ಟರ ಹತ್ತಿರ ಹೋಗಿ, 'ನಿಮ್ಮ ವಿಷಯ ಹೇಳಲಾ?' ಎಂದು ಕೇಳಿ ಬಾ ಅಂದೆ. ಅವರು ಒಪ್ಪಿದರು.

ಸಾಮುವೇಲನ ಕಥೆಯನ್ನು ಚಿಕ್ಕಂದಿನಿಂದ ಎಷ್ಟು ಸಲ ಕೇಳಿಲ್ಲ ನಾವು! ರಾತ್ರಿ ಹುಡುಗನಿಗೆ ಕರೆ ಬರುತ್ತದೆ, ಮುದಿ ಯಾಜಕ ಏಲಿ ಹೇಗೆ ಓಗೊಡಬೇಕು ಅಂತ ಮಾತ್ರ ಹೇಳಿಕೊಡುತ್ತಾನೆ. ಬಂದ ಮಾತು ಏಲಿಯ ಮನೆಯ ವಿರುದ್ಧವೇ ಇತ್ತು, ಆದರೂ ಪೂರ್ತಿ ಕೇಳಿಸಿಕೊಂಡ. ಅವತ್ತು ರಾತ್ರಿ ಪಾತ್ರೆ ತೊಳೆಯುವಾಗ ಇದೇ ತಲೆಯಲ್ಲಿ ಓಡುತ್ತಿತ್ತು.

ಇನ್ನೊಬ್ಬಳು 17ರ ಹುಡುಗಿ, ಬದಲಾವಣೆಗೆ ವಿರುದ್ಧ ಇದ್ದಳು. ನಾನು ಪರವಾಗಿದ್ದೆ, ಅದನ್ನು ಅವಳಿಗೆ ಮೊದಲೇ ಹೇಳಿಬಿಟ್ಟೆ. ಆದರೂ ಅವನ ಜೊತೆ ಕೂತಷ್ಟೇ ಹೊತ್ತು ಅವಳ ಜೊತೆಗೂ ಕೂತೆ. ಅವಳ ಜೀವದ ಗೆಳತಿಯ ಮನೆಯವರು ಇದೇ ಜಗಳದಲ್ಲಿ ಚರ್ಚು ಬಿಟ್ಟುಹೋಗಿದ್ದರು. 'ಇನ್ನೂ ಯಾರ್ಯಾರು ಹೋಗಬೇಕು?' ಎಂಬುದು ಅವಳ ಪ್ರಶ್ನೆ. ಹುಡುಗರೆಲ್ಲ ಒಂದೇ ಕಡೆ ಅಂತ ದೊಡ್ಡವರು ತಿಳಿದುಕೊಂಡಿರುತ್ತಾರೆ. ಹಾಗಿಲ್ಲ. ಅವಳನ್ನು ಬಿಟ್ಟು ಬರೀ ಅವನನ್ನು ನಿಲ್ಲಿಸಿದ್ದರೆ ಅದು ನನ್ನ ವೋಟಿಗೆ ಹುಡುಗನನ್ನು ಬಳಸಿಕೊಂಡ ಹಾಗೆ ಆಗುತ್ತಿತ್ತು, ಅಲ್ವಾ?

ಎಲ್ಲಕ್ಕಿಂತ ಕಷ್ಟದ್ದು ಬೇರೆ ಇತ್ತು. ನಮ್ಮ ಗುಂಪಿನ ಇನ್ನೊಂದು ಮಗು ಒಂದು ಸಂಜೆ ಕಾರಿನಲ್ಲಿ, ಮನೆ ಇನ್ನೇನು ಬಂತು ಅನ್ನುವಾಗ, ತಾನು ಸಲಿಂಗಪ್ರೇಮಿ ಎಂದು ನನಗೆ ಹೇಳಿಕೊಂಡಿತ್ತು. ಅಪ್ಪ ಅಮ್ಮನಿಗೆ ಗೊತ್ತಿರಲಿಲ್ಲ. ಅದೇ ವಾರ ನಮ್ಮ ಕಡೆಯವರೇ ಒಬ್ಬರು, 'ಅಂಥ ಒಬ್ಬ ಹುಡುಗನೋ ಹುಡುಗಿಯೋ ಎದ್ದು ಸಾಕ್ಷಿ ಹೇಳಿದರೆ ಹತ್ತು ವೋಟು ತಿರುಗುತ್ತವೆ' ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ನಾನು ಆಗಲ್ಲ ಅಂದೆ. ವೋಟು ಮುಗಿದ ಮೇಲೆ ಸಭೆಯವರು ಕಾಫಿ ಕುಡಿದು ಮನೆಗೆ ಹೋಗುತ್ತಾರೆ. ಆ ಮಗು ಅದೇ ಶಾಲೆಗೆ, ಅದೇ ಮನೆಗೆ ಹೋಗಬೇಕು. ಅವತ್ತಿನಿಂದ ಎರಡು ನಿಯಮ ಇಟ್ಟುಕೊಂಡಿದ್ದೇನೆ: ಕೇಳದೆ ಬೇರೆಯವರ ಕಥೆ ಹೇಳಬಾರದು, ನಾಳೆ ವಾಪಸ್ ತೆಗೆದುಕೊಳ್ಳಬೇಕು ಅನ್ನಿಸಬಹುದಾದ ತನ್ನ ಕಥೆಯನ್ನೂ ಹೇಳಬಾರದು. 2024ರಲ್ಲಿ ಸಾಲ್ಟ್ ಲೇಕ್ ಸಿಟಿಯ ಮಹಾಸಭೆ, ಯಾರಿಗೂ ಭೇದ ಮಾಡಬಾರದು ಎಂಬ ಪಟ್ಟಿಗೆ ಲಿಂಗ ಗುರುತು ಮತ್ತು ಲೈಂಗಿಕ ಒಲವನ್ನು ಸೇರಿಸುವ ವಿಷಯವನ್ನು ಮತ್ತೆ ಪ್ರೆಸ್ಬಿಟರಿಗಳ ಮತಕ್ಕೆ ಕಳಿಸಿತಲ್ಲ, ಆಗಲೂ ಹೊಸ ಹುಡುಗರಿಗೆ ಇವೆರಡನ್ನೇ ಮೊದಲು ಹೇಳಿದೆ.

ಇನ್ನೊಂದು ದಾರಿಯೂ ಇದೆ, ಬಹಳ ಚರ್ಚುಗಳು ಮರೆಯುತ್ತವೆ. ಈ ಪಂಗಡದಲ್ಲಿ ಎಲ್ಡರ್ ಆಗಲು ಇಷ್ಟೇ ವಯಸ್ಸಾಗಿರಬೇಕು ಅಂತ ಇಲ್ಲ. ಹೈಸ್ಕೂಲ್ ಹುಡುಗರನ್ನೂ ಆರಿಸಬಹುದು, ಅವರಿಗೂ ದೀಕ್ಷೆ ಕೊಡುತ್ತಾರೆ, ಅವರನ್ನೇ ಪ್ರೆಸ್ಬಿಟರಿಗೆ ಪ್ರತಿನಿಧಿಯಾಗಿ ಕಳಿಸಿದರೆ ಪೂರ್ತಿ ಮತ. 2011ರವರೆಗೆ ಇದ್ದ ನಿಯಮ ಪಾಸ್ಟರ್‌ಗಳನ್ನಷ್ಟೇ ಅಲ್ಲ, ಎಲ್ಡರ್‌ಗಳನ್ನೂ ಸೇವೆಯ ಕೆಲಸ ನೋಡುವ ಡೀಕನ್‌ಗಳನ್ನೂ ಕಟ್ಟಿಹಾಕಿತ್ತು. ಹಾಗಾಗಿ ಇದು ಯಾವತ್ತೂ ಬರೀ ದೊಡ್ಡವರ ವಿಷಯ ಆಗಿರಲಿಲ್ಲ. ಮುಂದಿನ ವರ್ಷ ನಮ್ಮ ಚರ್ಚಿನಲ್ಲಿ ಎಲ್ಡರ್ ಆಗಿ ಆರಿಸಿ ಬಂದವಳು ವಿರುದ್ಧ ಮಾತಾಡಿದ್ದ ಆ ಹುಡುಗಿಯೇ. ಅವಳ ಹೆಸರು ಸೂಚಿಸಿದ್ದು ನಾನು.

ಸಭೆಯ ಹಿಂದಿನ ದಿನ ಹುಡುಗನ ಅಮ್ಮ ಫೋನ್ ಮಾಡಿದರು. 'ಅಕ್ಕಾರ, ನೀವರ ಅವಂಗ ಹೇಳ್ರಿ, ಮಂದಿ ಮುಂದ ನಿಂತು ಇದನ್ನೆಲ್ಲ ಮಾತಾಡೋದು ಬ್ಯಾಡ. ನಾಳೆ ಮಂದಿ ಇವಂಗ ಏನಂತಾರ?' ಅವರ ಹೆದರಿಕೆ ಸುಳ್ಳಲ್ಲ. ಬೇಡ ಅಂತ ನಾನು ಅವನಿಗೆ ಹೇಳಲ್ಲ, ನೀವೂ ಬನ್ನಿ, ಕೂತು ಕೇಳಿ ಅಂದೆ. ಬಂದರು. ಕೊನೇ ಸಾಲಿನಲ್ಲಿ ಕೋಟು ಬಿಚ್ಚದೇ ಕೂತಿದ್ದರು.

ಅವನ ಮಾತು 40 ಸೆಕೆಂಡಿನಲ್ಲಿ ಮುಗಿಯಿತು. ಆಮೇಲೆ ಅವಳದ್ದು. ಹೊರಗೆ ಬರುವಾಗ ಹಿರಿಯರೊಬ್ಬರು ಅವನ ಬೆನ್ನು ತಟ್ಟಿ, 'ಚೆನ್ನಾಗಿತ್ತು, ಯಾರು ಬರೆದುಕೊಟ್ಟರು?' ಎಂದು ಕೇಳಿದರು. ಅವನು ಜೇಬಿನಿಂದ ಪೆನ್ಸಿಲಿನ ಹಾಳೆ ತೆಗೆದು ಅವರ ಕೈಗೇ ಕೊಟ್ಟ.

ನಮ್ಮ ಪ್ರೆಸ್ಬಿಟರಿ ಹೌದು ಅಂದಿತು. ಮಾರ್ಚ್ 17ರಂದು ನಮ್ಮ ನ್ಯೂಜೆರ್ಸಿಯದೇ ಪಾಲಿಸೇಡ್ಸ್ ಪ್ರೆಸ್ಬಿಟರಿ 86ನೆಯ ಹೌದು ಸೇರಿಸಿತು. ಹುಡುಗರು ಮಾತಾಡಿದ ದಿನ ಸಭೆ ಮುಗಿಸಿ ಕಾರಿನಲ್ಲಿ ವಾಪಸ್ ಬರುವಾಗ ಅವನ ಅಮ್ಮ ಬಹಳ ಹೊತ್ತು ಕಿಟಕಿ ಆಚೆ ನೋಡುತ್ತಿದ್ದರು. ಆಮೇಲೆ, 'ಅಲ್ಲಿ ಹೇಳಿದ್ದನ್ನ ನಂಗ ಕನ್ನಡದಾಗ ಹೇಳು' ಅಂದರು. ಅವನು ತಡವರಿಸುತ್ತಾ ಹೇಳತೊಡಗಿದ. ಎಲ್ಲೆಲ್ಲಿ ಮಾತು ಸಿಗಲಿಲ್ಲವೋ ಅಲ್ಲಲ್ಲಿ ಅವರೇ ಹೇಳಿಕೊಡುತ್ತಾ ಬಂದರು.