ಬ್ರೀಡರ್ ಹತ್ತಿರದಿಂದ ಬಂದ ಲ್ಯಾಬ್ರಡಾರ್‌ಗೆ ಮನೆಯ ಅಭ್ಯಾಸ ಆಗಿದ್ದು ಹೀಗೆ
ಮರಿ ಹಾಕಿಸುವುದು ನಿಲ್ಲಿಸಿದ ಮೇಲೆ ಬ್ರೀಡರ್ (ನಾಯಿಗಳಿಗೆ ಮರಿ ಹಾಕಿಸಿ ಮಾರುವವರು) ನಮಗೆ ಕೊಟ್ಟ 6 ವರ್ಷದ ಲ್ಯಾಬ್ರಡಾರ್ ಹಾಲ್‌ನ ಟೈಲ್ಸ್ ಮೇಲೇ ಉಚ್ಚೆ ಮಾಡುತ್ತಿದ್ದಳು, ಹುಲ್ಲಿನ ಮೇಲೆ ಕಾಲೇ ಇಡುತ್ತಿರಲಿಲ್ಲ. ಮೊದಲು ಮೂತ್ರ ಪರೀಕ್ಷೆ ಮಾಡಿಸಿದೆವು, ಸೋಂಕು ಇರಲಿಲ್ಲ. ಸಿಮೆಂಟ್ ನೆಲದ ಗೂಡಲ್ಲೇ ತಿಂದು, ಮಲಗಿ, ಅಲ್ಲೇ ಎಲ್ಲಾ ಮಾಡಿ ಬೆಳೆದವಳಿಗೆ ಗಟ್ಟಿ ನೆಲವೇ ಸರಿ ಅನ್ನಿಸುತ್ತದೆ ಅಲ್ವಾ? ಹಾಗಾಗಿ ಸುಮ್ನೆ ಹುಲ್ಲಿಗೆ ಎಳೆಯುವುದು ಬಿಟ್ಟು, ಎದ್ದ ತಕ್ಷಣ, ಊಟ ಆದ ಮೇಲೆ, ಮಲಗುವ ಮುಂಚೆ ಹಿತ್ತಲ ಸಿಮೆಂಟ್ ಜಾಗಕ್ಕೇ ಕರೆದುಕೊಂಡು ಹೋದೆವು. ಅಲ್ಲಿ ಮಾಡಿದ ಕೂಡಲೇ ಬೇಯಿಸಿದ ಕೋಳಿ ಚೂರು. ಒಳಗೆ ಮಾಡಿದ ಜಾಗವನ್ನು ಎನ್‌ಜೈಮ್ ಕ್ಲೀನರ್ (ಉಚ್ಚೆ ವಾಸನೆಯನ್ನು ಬೇರಿನಿಂದಲೇ ತೆಗೆಯುವ ದ್ರಾವಣ) ಹಾಕಿ ಒರೆಸಬೇಕು, ವಾಸನೆ ಉಳಿದರೆ ನಾಯಿಗಳು ಮತ್ತೆ ಅಲ್ಲೇ ಮಾಡುತ್ತವೆ. ಬೈಯಲೇಬೇಡಿ, ಹೆದರಿ ಮೂಲೆಯಲ್ಲಿ ಕದ್ದು ಮಾಡಲು ಶುರು ಮಾಡುತ್ತವೆ. ಈಗ ತಾನಾಗೇ ಬಾಗಿಲ ಹತ್ತಿರ ಬಂದು ನಿಲ್ಲುತ್ತಾಳೆ. ಮಿಕ್ಸಿ ಶಬ್ದಕ್ಕೆ ಮಾತ್ರ ಇನ್ನೂ ಜಾಸ್ತಿ ಭಯ, ಅದಕ್ಕೆ ಸಮಯ ಕೊಡುತ್ತಿದ್ದೇವೆ.