ವಾಲುತ್ತಿದ್ದ ಹ್ಯಾಂಗಿಂಗ್ ಲ್ಯಾಂಪ್ ನೆಟ್ಟಗಾದ ಬಗೆ

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಿಂದ ತಂದ ಮಾಡ್ಯುಲರ್ ಹ್ಯಾಂಗಿಂಗ್ ಲ್ಯಾಂಪ್ ಊಟದ ಟೇಬಲ್ ಮೇಲೆ ಒಂದು ಕಡೆಗೆ ವಾಲಿಕೊಂಡೇ ಇತ್ತು. ನಡುವೆ ನೇತು ಹಾಕಿದ ಒಂದು ಹಿತ್ತಾಳೆ ಸರಳು, ಅದರಲ್ಲಿ ಅತ್ತಿತ್ತ ಜರುಗಿಸಬಹುದಾದ ಮೂರು ಗಾಜಿನ ಶೇಡ್‌ಗಳು. "ಹಗುರ ಇರೋ ಕಡೆ ಒಂದು ನಟ್ಟು ಕಟ್ಟಿಬಿಡಿ ಸಾರ್" ಅಂದರು ಎಲೆಕ್ಟ್ರಿಷಿಯನ್. ಅಷ್ಟು ಚೆಂದದ ಗಾಜಿನ ಪಕ್ಕ ನಟ್ಟು ನೇತಾಡಬೇಕಾ?

ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಆಫ್ ಮಾಡಿ, ಶೇಡ್‌ಗಳನ್ನು ಬಲ್ಬು, ಹೋಲ್ಡರ್ ಸಮೇತ ಬಿಚ್ಚಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ದೊಡ್ಡದು 900 ಗ್ರಾಂ, ಚಿಕ್ಕವು ತಲಾ 300. ತೂಕವನ್ನು ನಡುವಿನಿಂದ ಇರುವ ದೂರದಿಂದ ಗುಣಿಸಿದರೆ ಎರಡೂ ಕಡೆ ಒಂದೇ ಬರಬೇಕು, ಅಷ್ಟೇ ಅಲ್ವಾ? ಚಿಕ್ಕವು ಒಂದು ಕಡೆ 20 ಮತ್ತು 40 ಸೆಂ.ಮೀ. ದೂರದಲ್ಲಿದ್ದವು. 6,000 ಮತ್ತು 12,000, ಒಟ್ಟು 18,000. ಹಾಗಾದರೆ ದೊಡ್ಡದು ಇನ್ನೊಂದು ಕಡೆ 20 ಸೆಂ.ಮೀ.ಗೆ ಬರಬೇಕು. ತುದಿಯಿಂದ ಒಳಕ್ಕೆ ಜರುಗಿಸಿದೆ, ಸರಳು ನೆಟ್ಟಗಾಯಿತು. ನೋಡುವುದಕ್ಕೂ ಈಗಲೇ ಚೆಂದ.

ಭಾರವನ್ನು ಕರೆಂಟ್ ವೈರ್ ಹೊರಬಾರದು. ಅದಕ್ಕೇ ಬೇರೆ ಸ್ಟೀಲ್ ತಂತಿ ಇದೆ. ಅದರ ಕೊಕ್ಕೆಯನ್ನು ಜಿಪ್ಸಂ ಸೀಲಿಂಗ್‌ಗಲ್ಲ, ಮೇಲಿನ ಕಾಂಕ್ರೀಟ್‌ಗೆ ಆಂಕರ್ ಹಾಕಿ ಕೂರಿಸಿದೆವು. ಮುಚ್ಚಿದ ಶೇಡ್‌ನಲ್ಲಿ ಬಿಸಿ ಸರಿಯಾಗಿ ಹೊರಗೆ ಹೋಗುವುದಿಲ್ಲ, ಜಾಸ್ತಿ ವ್ಯಾಟ್ ಹಾಕಿದರೆ ಎಲ್‌ಇಡಿ ಬೇಗ ಕೆಡುತ್ತದೆ. ಹಾಗಾಗಿ 2700 ಕೆಲ್ವಿನ್‌ನ (ಅಂದರೆ ಹಳದಿ ಛಾಯೆಯ ಬೆಳಕಿನ) 5 ವ್ಯಾಟ್ ಬಲ್ಬುಗಳನ್ನೇ ಹಾಕಿದ್ದೇನೆ.